ಮೂವತ್ತೊಂಬತ್ತನೆಯ ಕಂತು

ಕಮರಿಯ ಎರಡೂ ದಡಕ್ಕೆ ಹರಡಿಕೊಂಡ ಒಂದು ಊರಿತ್ತು. ಈಗಲೂ ಇರಬಹುದು, ಹುಡುಕಿಕೊಂಡು ಹೋದವರನ್ನು ನಾನಂತೂ ಕಂಡಿಲ್ಲ. ಆ ಊರಿಗೆ ಒಂದೇ ಒಂದು ಕಥೆಯಿತ್ತು. ಬರೆದ ಬೊಂಬೆಗಳು ಗೋಡೆಯ ಮೇಲೆ ಓಡಾಡುವ ಕಥೆ, ಐವತ್ತೆರಡು ಕಂತಿನದು. ಆಕಾಶದಲ್ಲಿ ಒಂದು ನೌಕೆ, ಬೋರಲು ಹಾಕಿದ ಹೂಜಿಯಂಥದು. ಅದರೊಳಗೆ ದಪ್ಪ ಮೀಸೆಯ ಕಪ್ತಾನ, ನಕ್ಷೆ ಓದುವ ಅವಳಿ ಅಕ್ಕತಂಗಿಯರು, ಅಡುಗೆ ಮಾಡುವ ಮುದುಕಿ, ಒಂದು ತಗಡಿನ ಆಮೆ. ಅವರು ಗ್ರಹದಿಂದ ಗ್ರಹಕ್ಕೆ ಹೋಗುತ್ತಿದ್ದರು. ಯಾಕೆ ಹೋಗುತ್ತಿದ್ದರು ಎಂದು ಯಾರೂ ಕೇಳುತ್ತಿರಲಿಲ್ಲ. ಹೋಗುವುದೇ ಕಥೆ.

ಊರಿನ ಕಟ್ಟಳೆ ಹೀಗಿತ್ತು. ಒಂಬತ್ತು ತುಂಬುವ ವರ್ಷ ಮಕ್ಕಳೆಲ್ಲ ವಾರಕ್ಕೊಂದು ಮಧ್ಯಾಹ್ನ ಬಿಳಿಗೋಡೆಯ ಮನೆಗೆ ಹೋಗಿ, ಚಾಪೆಯ ಮೇಲೆ ಕೂತು, ಒಂದೊಂದು ಕಂತು ನೋಡಬೇಕು. ನೋಡಿದ್ದರ ಬಗ್ಗೆ ಹೊಸ್ತಿಲು ದಾಟಿದ ಮೇಲೆ ಒಂದು ಮಾತೂ ಆಡಬಾರದು. ಆಮೇಲೆ ನಲವತ್ತು ತುಂಬುವುದರೊಳಗೆ ಒಂದು ದಿನ, ಒಬ್ಬರೇ ಹೋಗಿ, ಅದೇ ಚಾಪೆಯ ಮೇಲೆ ಕೂತು, ಬೆಳಗಿನಿಂದ ಸಂಜೆಯವರೆಗೆ ಎಲ್ಲ ಕಂತುಗಳನ್ನೂ ಇನ್ನೊಮ್ಮೆ ನೋಡಬೇಕು. ಚಿಕ್ಕಂದಿನಲ್ಲಿ ಪಕ್ಕದಲ್ಲಿ ಕೂತಿದ್ದವರು ಆ ಸಂಜೆ ಹೊರಗೆ ಒಂದು ಚೊಂಬು ನೀರು ಹಿಡಿದು ಕಾಯಬೇಕು. ನೋಡಿ ಬಂದವರಿಗೆ ಅವರು ತಮ್ಮ ಮನಸ್ಸಿನ ಮಾತು ಆಗ ಹೇಳಬಹುದು. ಎರಡನೇ ಸಲ ನೋಡಿದವರು ಇನ್ನೂ ನೋಡದವರಿಗೆ ಏನನ್ನೂ ಹೇಳಬಾರದು. ಇಷ್ಟೇ ಕಟ್ಟಳೆ. ಮದುವೆ ಹೇಗೆ ಮಾಡಿಕೊಂಡರೂ ಊರು ಕೇಳುತ್ತಿರಲಿಲ್ಲ, ಸತ್ತವರನ್ನು ಹೂಳಲಿ ಸುಡಲಿ ಕೇಳುತ್ತಿರಲಿಲ್ಲ. ಇದೊಂದನ್ನು ಮಾತ್ರ ಬಿಗಿಯಾಗಿ ಹಿಡಿದುಕೊಂಡಿತ್ತು.

ಎರಡು ದಡಗಳ ನಡುವೆ ಹಗ್ಗದ ಸೇತುವೆ. ಅದರಲ್ಲಿ ಮುನ್ನೂರ ಹನ್ನೆರಡು ಗಂಟು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅಷ್ಟನ್ನೂ ಮುಟ್ಟಿ, ಎಳೆದು, ಸಡಿಲವಾಗಿದ್ದರೆ ಬಿಗಿದು ಬರುವುದು ಒಬ್ಬ ಹೆಂಗಸಿನ ಕೆಲಸ. ಅವಳನ್ನು ಗಂಟು ನೋಡುವವಳು ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷದಲ್ಲಿ ಅವಳು ಒಂದು ದಿನವೂ ಕೆಲಸ ತಪ್ಪಿಸಿದವಳಲ್ಲ. ಜ್ವರ ಬಂದಾಗ ಕಂಬಳಿ ಹೊದ್ದು ಬಂದಳು. ತಾಯಿ ತೀರಿಕೊಂಡ ದಿನ ಅಳುತ್ತಲೇ ಬಂದಳು. ಊಟಕ್ಕೆ ಕೂತವಳು ಇದ್ದಕ್ಕಿದ್ದಂತೆ ಎದ್ದು, ನೂರಾ ಎಂಬತ್ತನೇ ಗಂಟನ್ನು ಮುಟ್ಟಿದೆನೋ ಇಲ್ಲವೋ ಎಂದು ಕೈ ತೊಳೆಯದೆ ಓಡಿದ್ದನ್ನು ಊರೆಲ್ಲ ನೋಡಿದೆ. ಜನ ಅದನ್ನು ಶ್ರದ್ಧೆ ಎಂದು ಕೊಂಡಾಡುತ್ತಿದ್ದರು. ಅದು ಭಯ ಎಂದು ಅವಳೊಬ್ಬಳಿಗೆ ಗೊತ್ತಿತ್ತು.

ಭಯ ಹುಟ್ಟಿದ್ದು ಒಂಬತ್ತನೇ ವರ್ಷದಲ್ಲಿ, ಮೂವತ್ತೊಂಬತ್ತನೆಯ ಕಂತಿನಲ್ಲಿ.

ಪ್ರತಿ ಕಂತಿನಲ್ಲೂ ನೌಕೆ ನೆಲ ಬಿಟ್ಟು ಏಳುವ ಹೊತ್ತಿಗೆ ಕಪ್ತಾನ ಗೋಡೆಯಿಂದ ಮಕ್ಕಳ ಕಡೆ ತಿರುಗಿ ಕೈಯೆತ್ತುತ್ತಿದ್ದ. ಮಕ್ಕಳು ಎಣಿಸುತ್ತಿದ್ದರು. ಹತ್ತು, ಒಂಬತ್ತು, ಎಂಟು, ಏಳು. ಸೊನ್ನೆ ಎನ್ನುವಷ್ಟರಲ್ಲಿ ನೌಕೆ ಕಿತ್ತಳೆ ಬಣ್ಣದ ಬೆಂಕಿ ಉಗುಳಿ ಮೇಲೇಳುತ್ತಿತ್ತು. ಯಾರೂ ಹೇಳಿಕೊಟ್ಟಿರಲಿಲ್ಲ, ಆದರೂ ಎಲ್ಲ ಮಕ್ಕಳಿಗೂ ಗೊತ್ತಿತ್ತು: ನೌಕೆಯನ್ನು ಎಬ್ಬಿಸುವುದು ಬೆಂಕಿಯಲ್ಲ, ತಮ್ಮ ಎಣಿಕೆ. ಒಬ್ಬರು ಬಾಯಿ ಮುಚ್ಚಿದರೂ ಅದು ಏಳುವುದಿಲ್ಲ.

ಅವಳ ಪಕ್ಕದಲ್ಲಿ ಕೂರುತ್ತಿದ್ದವಳು ಮುಂದೆ ಬುಟ್ಟಿ ಹೆಣೆಯುವವಳಾದಳು. ಆಗ ಇಬ್ಬರೂ ಒಂದೇ ಜಡೆಯ ಪೋರಿಯರು, ಒಬ್ಬರ ಎಂಜಲನ್ನು ಒಬ್ಬರು ತಿನ್ನುವಷ್ಟು ಗೆಳತಿಯರು. ಪಕ್ಕಪಕ್ಕ ಕೂತ ಮಕ್ಕಳು ನೌಕೆಯವರನ್ನು ತಮ್ಮತಮ್ಮಲ್ಲಿ ಹಂಚಿಕೊಂಡಿದ್ದರು. ಇವರಿಬ್ಬರಿಗೂ ಬೇಕಾಗಿದ್ದುದು ಆಮೆ. ಆವತ್ತು ಕಂತು ನಡೆಯುತ್ತಿರುವಾಗಲೇ ಗೆಳತಿ ಕಿವಿಯಲ್ಲಿ, “ಆಮೆ ನಂದು ಕಣೆ, ನೀನು ಬೇಕಾದ್ರೆ ಅಡುಗೆ ಮುದುಕಿನ ಇಟ್ಕೊ” ಎಂದುಬಿಟ್ಟಳು. ಅವಳಿಗೆ ಮೈಯೆಲ್ಲ ಉರಿಯಿತು. ನೀಲಿ ಮರಳಿನ ಗ್ರಹ. ನೌಕೆ ಹೊರಡಬೇಕು. ಕಪ್ತಾನ ಕೈಯೆತ್ತಿದ. ಇರಲಿ ಬಿಡು ನಿನ್ನ ಆಮೆ ಅಲ್ಲೇ, ಎಂದು ಅವಳು ಮನಸ್ಸಿನಲ್ಲೇ ಅಂದುಕೊಂಡು ತುಟಿ ಬಿಗಿದು ಕೂತಳು. ಮಕ್ಕಳು ಎಣಿಸಿದರು. ಅವಳು ಎಣಿಸಲಿಲ್ಲ.

ನೌಕೆ ಏಳಲಿಲ್ಲ.

ಒಮ್ಮೆ ಅಲುಗಾಡಿತು, ಕರಿಹೊಗೆ ಬಿಟ್ಟಿತು, ವಾಲಿಕೊಂಡು ನಿಂತಿತು. ಕಿಟಕಿಯಿಂದ ತಗಡಿನ ಆಮೆ ನೇರವಾಗಿ ಅವಳನ್ನೇ ನೋಡಿತು. ಗೋಡೆ ಮತ್ತೆ ಬಿಳಿಯಾಯಿತು.

ಮುಂದಿನ ವಾರ ಅವಳಿಗೆ ಹೊಟ್ಟೆನೋವು. ಅದರ ಮುಂದಿನ ವಾರವೂ ಹೊಟ್ಟೆನೋವು. ಹದಿಮೂರು ವಾರ ಹೊಟ್ಟೆನೋವು. “ಏನೇ ಇದು, ಹೇಳಿ ಕಳಿಸ್ದಂಗೆ ಅದೇ ದಿನಾನೇ ಬರುತ್ತಲ್ಲ!” ಎಂದು ತಾಯಿ ಬೈದುಕೊಂಡು ಓಮದ ನೀರು ಕುಡಿಸಿದಳು. ಅಷ್ಟರಲ್ಲಿ ಆ ವರ್ಷ ಮುಗಿಯಿತು. ಗೆಳತಿಯ ಮುಖ ನೋಡಲು ಅವಳಿಗೆ ಆಗಲಿಲ್ಲ. ಆಮೇಲೆ ಮೂವತ್ತೊಂದು ವರ್ಷ ಅವರಿಬ್ಬರ ನಡುವೆ ನಡೆದ ಮಾತು ಇಷ್ಟೇ. “ಸೇತುವೆ ಸರಿಯಿದೆಯಾ?” “ಸರಿಯಿದೆ, ಹೋಗು.”

ಹೀಗೆ ಅವಳು ಐದು ಜನರನ್ನು ನೀಲಿ ಮರಳಿನ ಗ್ರಹದಲ್ಲಿ ಬಿಟ್ಟುಬಂದಳು. ಆಮೆಯನ್ನೂ ಸೇರಿಸಿ ಐದು. ಅವರು ಅಲ್ಲಿ ಏನಾದರು? ಅನ್ನ ಎಷ್ಟು ದಿನ ಬಂದೀತು? ಅವಳಿ ಅಕ್ಕತಂಗಿಯರಲ್ಲಿ ಮೊದಲು ಯಾರು ಹೋದರು? ಸೇತುವೆಯ ಮೇಲೆ ಬಗ್ಗಿ ಗಂಟು ಎಳೆಯುವಾಗೆಲ್ಲ ಅವಳ ತಲೆಯಲ್ಲಿ ಇದೇ ಓಡುತ್ತಿತ್ತು. ಒಂದು ಸಲ ನಾನು ಬಾಯಿ ಮುಚ್ಚಿದ್ದಕ್ಕೆ ಹಾಗಾಯಿತು, ಇನ್ನೊಂದು ಸಲ ಕೈ ಬಿಟ್ಟರೆ ಇನ್ನೇನಾದೀತೋ. ಗಂಟು ಸರಿಯಿದೆ. ಗಂಟು ಸರಿಯಿದೆ. ಗಂಟು ಸರಿಯಿದೆ.

ಮೂವತ್ತೊಂಬತ್ತು ತುಂಬಿದ ಮೇಲೆ ಇಡೀ ವರ್ಷ ಅವಳು ಬಿಳಿಗೋಡೆಯ ಮನೆಯ ಬೀದಿಗೇ ಹೋಗಲಿಲ್ಲ. ಕೊನೆಗೆ ಒಂದು ಸಂಜೆ ಊರ ಹಿರಿಯಮ್ಮ ಕೋಲೂರಿಕೊಂಡು ಸೇತುವೆಯ ತುದಿಗೇ ಬಂದು ನಿಂತಳು.

“ಇನ್ನೆರಡು ದಿನಕ್ಕೆ ನಿಂಗೆ ನಲವತ್ತು ತುಂಬುತ್ತೆ.”

“ಗೊತ್ತು ಹಿರಿಯಮ್ಮ. ಕೆಲಸ ಜಾಸ್ತಿ. ಈ ಕಡೆ ಹಗ್ಗ ಹಳೇದಾಗಿದೆ.”

“ನೋಡದೆ ಹೋದೋರಿಗೆ ಊರು ಏನೂ ಮಾಡಲ್ಲ. ಆದ್ರೆ ಅವರನ್ನ ಸಾಯೋವರೆಗೂ ಮಕ್ಕಳು ಅಂತಾನೇ ಎಣಿಸುತ್ತೆ. ಮಕ್ಕಳ ಕೈಗೆ ಸೇತುವೆ ಕೊಡೋಕಾಗಲ್ಲ ತಾಯಿ.”

ಹಿರಿಯಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಇನ್ನೂ ಕಷ್ಟವಾಯಿತು. ಗಂಟುಗಳೂ ಹೋದರೆ ಆ ಐವರಿಗೆ ತಾನು ಏನು ತೆತ್ತಂತಾಯಿತು? ನಾಳೆ ಬರುತ್ತೇನೆ ಎಂದು ಅವಳು ಒಪ್ಪಿಕೊಂಡಳು.

ಬೆಳಿಗ್ಗೆ ಹಗ್ಗ ಹೊಸೆಯುವವನ ಸೊಸೆಯನ್ನು ಕರೆದು ಸೇತುವೆಯನ್ನು ಒಪ್ಪಿಸಿದಳು. ಒಪ್ಪಿಸಿದಳು ಎಂದರೆ ಸುಮ್ಮನೆ ಅಲ್ಲ. ಏಳನೇ ಗಂಟು ಎಡಕ್ಕೆ ಎಳೀಬೇಕು, ತೊಂಬತ್ತಾರನೇದು ಇಬ್ಬನಿಗೆ ಜಾರುತ್ತೆ, ಇನ್ನೂರು ದಾಟಿದ ಮೇಲೆ ನಿಧಾನ, ಎಂದು ಸೂರ್ಯ ಒಂದು ಮಾರು ಏರುವವರೆಗೆ ಹೇಳಿದಳು. ಸೊಸೆ ಗಟ್ಟಿಗಿತ್ತಿ. “ಹೋಗಕ್ಕಾ, ನಂಗೂ ಕೈ ಇದೆ” ಎಂದು ಅವಳನ್ನು ಅಟ್ಟಿದಳು.

ಬಿಳಿಗೋಡೆಯ ಮನೆಯಲ್ಲಿ ಯಂತ್ರದಜ್ಜನೊಬ್ಬನೇ ಇದ್ದ. ಸುರುಳಿ ಬಿಡುವುದು ಅವನ ಕೆಲಸ. ಅವಳು ಒಂಬತ್ತರವಳಾಗಿದ್ದಾಗಲೂ ಅವನೇ ಇದ್ದ. ಕಿಟಕಿಗಳಿಗೆ ಪರದೆ ಎಳೆದು, ಚಾಪೆ ಕೊಡವಿ ಹಾಸಿ, “ಕೂತ್ಕೊಳಮ್ಮ” ಎಂದ. ಯಂತ್ರ ಕಟಕಟ ಎಂದಿತು. ಗೋಡೆಯ ಮೇಲೆ ಆಕಾಶ ಬಂತು.

ಮೊದಲ ಕಂತಿಗೇ ಅವಳು ಕಕ್ಕಾಬಿಕ್ಕಿಯಾದಳು. ಇಷ್ಟೇನಾ? ಅನಂತವಾಗಿದ್ದ ಆಕಾಶದಲ್ಲಿ ಒಟ್ಟು ಎಂಟು ನಕ್ಷತ್ರ, ಅವೇ ಸುತ್ತಿ ಸುತ್ತಿ ಬರುತ್ತಿದ್ದವು. ನೌಕೆ ಎಷ್ಟು ವೇಗವಾಗಿ ಹೋದರೂ ಮೂಗು ಮುರಿದಂತಿದ್ದ ಒಂದೇ ಬಂಡೆ ಏಳು ಸಲ ದಾಟಿಹೋಯಿತು. ಕಪ್ತಾನನ ಅಂಗಿಯ ಗುಂಡಿಗಳು ಒಂದು ಚಿತ್ರದಲ್ಲಿ ನಾಲ್ಕು, ಇನ್ನೊಂದರಲ್ಲಿ ಮೂರು. ಯಾರು ಮಾತಾಡಿದರೂ ಕೆಳತುಟಿ ಒಂದೇ ಅಲ್ಲಾಡುತ್ತಿತ್ತು. ಬರೆದವನಿಗೆ ಪಾಪ ಬಹಳ ಅವಸರವಿತ್ತು ಎಂದು ಕಾಣುತ್ತದೆ. ಅವಳಿಗೆ ನಗು ಬಂತು, ಹಿಂದೆಯೇ ಸ್ವಲ್ಪ ನಾಚಿಕೆಯೂ ಆಯಿತು. ಮನೆಗೆ ಬಂದ ಬಡ ನೆಂಟರ ಅಂಗಿಯ ತೇಪೆಯನ್ನು ಎಣಿಸಿದಂತೆ ಅನ್ನಿಸಿತು.

ಆದರೆ ನಾಲ್ಕನೇ ಕಂತಿನ ಹೊತ್ತಿಗೆ ಗುಂಡಿಗಳನ್ನು ಎಣಿಸುವುದು ಬಿಟ್ಟುಹೋಯಿತು. ಎಂಟು ನಕ್ಷತ್ರ ಸಾಕಾದವು. ಚಿಕ್ಕಂದಿನಲ್ಲಿ ಕಾಣದಿದ್ದುದೂ ಈಗ ಕಂಡಿತು. ಅಡುಗೆ ಮುದುಕಿಯನ್ನು ಕಂಡು ಅವಳು ಬೆಚ್ಚಿಬಿದ್ದಳು. ಅದು ಮುದುಕಿಯೇ ಅಲ್ಲ! ಕಿವಿಯ ಹತ್ತಿರ ನಾಲ್ಕು ಬಿಳಿಗೂದಲು, ಅಷ್ಟೇ. ಹೆಚ್ಚೆಂದರೆ ತನ್ನ ವಾರಿಗೆಯವಳು. ಪ್ರತಿ ಗ್ರಹದಲ್ಲೂ ನೌಕೆಯನ್ನು ಅಟ್ಟಿಸಿಕೊಂಡು ಬರುತ್ತಿದ್ದ ಹಸಿರು ದೊರೆಯನ್ನು ಕಂಡು ಆಗ ಮಕ್ಕಳೆಲ್ಲ ಚಾಪೆ ಮುಖಕ್ಕೆಳೆದುಕೊಳ್ಳುತ್ತಿದ್ದರು. ಈಗ ನೋಡಿದರೆ ಆ ಪುಣ್ಯಾತ್ಮನಿಗೆ ಬೇಕಾಗಿದ್ದುದು ಮಧ್ಯಾಹ್ನ ಒಂದಿಷ್ಟು ಗದ್ದಲವಿಲ್ಲದ ನಿದ್ದೆ. ಪ್ರತಿ ಕಂತಿನಲ್ಲೂ ಕಪ್ತಾನ ಅವಳತ್ತ ತಿರುಗಿ ಕೈಯೆತ್ತಿದ. ಪ್ರತಿ ಕಂತಿನಲ್ಲೂ ಅವಳು ಎಣಿಸಿದಳು. ಹತ್ತು, ಒಂಬತ್ತು, ಎಂಟು, ಏಳು. ಪ್ರತಿ ಕಂತಿನಲ್ಲೂ ನೌಕೆ ಎದ್ದಿತು.

ಮೂವತ್ತೆಂಟು ಮುಗಿಯಿತು. ಅವಳು ಹಿಂದಕ್ಕೆ ತಿರುಗಿದಳು.

“ಅಜ್ಜ, ಒಂಚೂರು ನಿಲ್ಸಿ.”

“ನಿಲ್ಸೋಕೆ ಬರಲ್ಲ ಕಣಮ್ಮ ಇದನ್ನ. ಶುರು ಮಾಡೋದು ಮಾತ್ರ ನನ್ನ ಕೈಲಿರೋದು.”

ನೀಲಿ ಮರಳು ಬಂತು. ಮರಳಗಾಳಿ ಬಂತು. ಐವರೂ ನೌಕೆಗೆ ಹತ್ತಿದರು. ಕಪ್ತಾನ ತಿರುಗಿದ. ಅವಳಿಗೆ ಓಡಿಹೋಗೋಣ ಅನ್ನಿಸಿತು. ಕಪ್ತಾನ ಕೈಯೆತ್ತಿದ.

ನಲವತ್ತರ ಹೆಂಗಸು ಚಾಪೆಯ ಮೇಲೆ ಎದ್ದು ನಿಂತಳು. ಸೆರಗು ಬಿಗಿದುಕೊಂಡು, ಎರಡೂ ಮುಷ್ಟಿ ಹಿಡಿದು, ಕಮರಿಯ ಆಚೆ ದಡಕ್ಕೂ ಕೇಳುವಂತೆ ಕೂಗಿದಳು. “ಹತ್ತು! ಒಂಬತ್ತು! ಎಂಟು!” ಮೂವತ್ತೊಂದು ವರ್ಷ ಬಾಯೊಳಗೇ ಇದ್ದ ಅಂಕೆಗಳು ಒಂದೊಂದಾಗಿ ಹೊರಗೆ ಬಂದವು. “ಏಳು! ಆರು! ಐದು!” ಕಣ್ಣಲ್ಲಿ ನೀರು ಸುರಿಯುತ್ತಿತ್ತು. “ನಾಕು! ಮೂರು! ಎರಡು! ಒಂದು! ಸೊನ್ನೆ!”

ನೌಕೆ ಅಲುಗಾಡಿತು. ಕರಿಹೊಗೆ ಬಿಟ್ಟಿತು. ವಾಲಿಕೊಂಡು ನಿಂತಿತು.

ಅವಳು ಬಾಯಿ ತೆರೆದುಕೊಂಡೇ ನಿಂತಳು. “ಅಯ್ಯೋ, ಎಣಿಸಿದೆನಲ್ಲ! ಒಂದೂ ಬಿಡಲಿಲ್ಲ. ಪೂರ್ತಿ ಎಣಿಸಿದೆ ಅಜ್ಜ!”

“ಕೇಳಿಸ್ತು ತಾಯಿ. ಕಿವಿ ತೂತು ಬೀಳೋ ಹಂಗೆ ಕೇಳಿಸ್ತು.”

“ಮತ್ಯಾಕೆ ಏಳಲಿಲ್ಲ?”

“ಅದು ಏಳದೇ ಇರೋ ಹಂಗೇ ಬರೆದಿರೋದು” ಎಂದ ಅಜ್ಜ. “ಯಾರೆಷ್ಟೇ ಎಣಿಸ್ಲಿ, ಮೂವತ್ತೊಂಬತ್ತರಲ್ಲಿ ಅದು ಏಳಲ್ಲ. ಕೂತ್ಕೊ. ನಲವತ್ತು ಬರ್ತಾ ಇದೆ.”

ನಲವತ್ತನೆಯ ಕಂತಿನಲ್ಲಿ ಆದದ್ದು ಇಷ್ಟು. ನೌಕೆಯ ಬುಡದ ಕೊಳವೆಯೊಳಗೆ ನೀಲಿ ಮರಳು ತುಂಬಿಕೊಂಡಿತ್ತು. ಐವರೂ ಕೆಳಗಿಳಿದರು. ಅಡುಗೆಯವಳು ಸೌಟು ತಂದಳು, ಅವಳಿಗಳು ತಟ್ಟೆ ತಂದರು, ಆಮೆ ಕೊಳವೆಯೊಳಗೆ ಹೊಕ್ಕು ಹಿಂಗಾಲಲ್ಲಿ ಮರಳು ಒದ್ದಿತು. ಇಡೀ ಕಂತು ಅವರು ಮರಳು ತೆಗೆದರು. ಮಾತು ಕಡಿಮೆ, ನಡುನಡುವೆ ನಗು. ಮುಗಿದ ಮೇಲೆ ಹತ್ತಿ ಕೂತು ಬುತ್ತಿ ಬಿಚ್ಚಿದರು. ಕಪ್ತಾನನ ಬಾಯಿ ತುಂಬ ತುತ್ತು. ಅವನು ತಿರುಗಲೂ ಇಲ್ಲ, ಕೈಯೆತ್ತಲೂ ಇಲ್ಲ, ಎಣಿಕೆಗೆ ಕರೆಯುವುದನ್ನೇ ಮರೆತ. ನೌಕೆ ತನ್ನ ಪಾಡಿಗೆ ತಾನು ಮೆಲ್ಲಗೆ ಎದ್ದು ಹೋಯಿತು.

ಮೊದಲು ಅವಳಿಗೆ ಸಿಟ್ಟು ಬಂತು. ಇಷ್ಟಕ್ಕೆ ಮೂವತ್ತೊಂದು ವರ್ಷ! ಒಂದು ಹಿಡಿ ಮರಳಿಗೆ! ಆಮೇಲೆ ಆ ಸಿಟ್ಟಿನ ಕೆಳಗಿಂದ ಬೇರೆ ಏನೋ ಮೇಲಕ್ಕೆ ಬಂತು. ಹೆಗಲು ಕೆಳಗಿಳಿಯಿತು, ದವಡೆ ಸಡಿಲವಾಯಿತು, ಎಷ್ಟೋ ಕಾಲದಿಂದ ಮೇಲೆ ಮೇಲೆ ಆಡುತ್ತಿದ್ದ ಉಸಿರು ಹೊಟ್ಟೆಯವರೆಗೆ ಇಳಿಯಿತು. ಅವರು ಸತ್ತಿರಲಿಲ್ಲ. ಅವಳು ಎಣಿಸಲಿಲ್ಲವೆಂದು ಅವರು ನಿಂತಿರಲೂ ಇಲ್ಲ. ಅವಳು ಮನೆಯಲ್ಲಿ ಓಮದ ನೀರು ಕುಡಿದು ಮುಖ ಕಿವುಚುತ್ತಿದ್ದಾಗ ಅವರು ಬುತ್ತಿ ಉಣ್ಣುತ್ತ ಹೊರಟುಹೋಗಿದ್ದರು. ಅವಳಿಲ್ಲದೆಯೇ ಹೋಗಿದ್ದರು. ಇದರಲ್ಲಿ ಒಂಚೂರು ನೋವಿತ್ತು, ಸುಳ್ಳು ಹೇಳಬಾರದು. ಆದರೆ ಅಷ್ಟು ಸುಖವಾದ ನೋವನ್ನು ಅವಳು ಅದಕ್ಕೆ ಮೊದಲು ಪಟ್ಟಿರಲಿಲ್ಲ. ಗೋಡೆಗೆ ಮುಖ ಮಾಡಿ ಜೋರಾಗಿ ನಕ್ಕಳು.

ಇನ್ನೊಂದು ಸಂಗತಿ ಆಮೇಲೆ ಹೊಳೆಯಿತು. ಮುಂದಿನ ಹನ್ನೆರಡು ಕಂತುಗಳನ್ನು ಅವಳು ನೋಡಿಯೇ ಇರಲಿಲ್ಲ! ಊರಿನ ಉಳಿದವರೆಲ್ಲ ಹಳೆಯದನ್ನೇ ಎರಡನೇ ಸಲ ನೋಡಬೇಕು. ಅವಳಿಗೋ ಹೊಟ್ಟೆನೋವು ಅಷ್ಟನ್ನು ಬೆಚ್ಚಗೆ ಎತ್ತಿಟ್ಟಿತ್ತು. ಅವಳು ಚಾಪೆಯ ಮೇಲೆ ಬೋರಲು ಮಲಗಿ, ಗಲ್ಲಕ್ಕೆ ಎರಡೂ ಕೈ ಕೊಟ್ಟು ನೋಡಿದಳು. ಹಸಿರು ದೊರೆಗೆ ಕೊನೆಗೂ ನಿದ್ದೆ ಬಂತು. ಅವಳಿಗಳಲ್ಲಿ ಒಬ್ಬಳು ನಕ್ಷೆಯನ್ನೇ ಕಳೆದುಬಿಟ್ಟಳು. ಐವತ್ತೆರಡರಲ್ಲಿ ನೌಕೆ ಎಲ್ಲಿಗೂ ಮುಟ್ಟಲಿಲ್ಲ, ಸುಮ್ಮನೆ ಹೋಗುತ್ತಿತ್ತು, ಎಂಟು ನಕ್ಷತ್ರಗಳ ನಡುವೆ. ಅವಳಿಗೆ ಅದು ಬಹಳ ಸರಿ ಅನ್ನಿಸಿತು.

ಅಜ್ಜ ಪರದೆ ಸರಿಸಿದ. ಸಂಜೆಬಿಸಿಲು ಒಳಗೆ ಬಂತು.

“ನಿನ್ನ ವರ್ಷದಲ್ಲಿ ನಲವತ್ತನೇ ಕಂತಿಗೆ ಎಷ್ಟು ಮಕ್ಕಳು ಬಂದಿದ್ರು ಗೊತ್ತಾ?” ಎಂದ ಸುರುಳಿ ಸುತ್ತುತ್ತ. “ಮೂರೇ. ಮಿಕ್ಕ ಹತ್ತೊಂಬತ್ತಕ್ಕೂ ಹೊಟ್ಟೆನೋವು.”

“ಹತ್ತೊಂಬತ್ತಕ್ಕೂ?”

“ಪ್ರತಿ ವರ್ಷ ಇದೇ ಕಥೆ. ಒಂದು ಸೀನಿರುತ್ತೆ, ಒಂದು ಆಕಳಿಸಿರುತ್ತೆ, ಒಂದಕ್ಕೆ ಎಂಟಾದ ಮೇಲೆ ಯಾವುದು ಅಂತ ಮರೆತಿರುತ್ತೆ. ಎಲ್ಲಕ್ಕೂ ತನ್ನಿಂದಾನೇ ಆಯ್ತು ಅಂತ.”

“ಗೊತ್ತಿದ್ದೂ ಹೇಳಲ್ವಾ ನೀವು?”

“ಹಿರಿಯರ ಕಟ್ಟಳೆ. ತನ್ನಿಂದಾನೇ ತಪ್ಪಾಯ್ತು ಅಂತ ಹೆದರಿದ ಮಗು ಮುಂದೆ ಗಂಟು ಸರಿಯಾಗಿ ನೋಡುತ್ತಂತೆ.”

“ನಿದ್ದೆ? ಆ ಮಗೂಗೆ ನಿದ್ದೆ ಬರುತ್ತಾ ಅಂತ ಕೇಳಿದೀರಾ ಯಾರಾದ್ರೂ?”

ಅಜ್ಜ ಸುರುಳಿ ಸುತ್ತುವುದನ್ನು ನಿಲ್ಲಿಸಿದ. “ಅದನ್ನ ಇದುವರೆಗೂ ಯಾರೂ ಕೇಳಿಲ್ಲ” ಎಂದ. ಆಮೇಲೆ, ಕಟ್ಟಳೆಯಲ್ಲವೇ, ಹೇಳಲೇಬೇಕು ಎನ್ನುವಂತೆ ಮೆಲ್ಲಗೆ, “ಹೊರಗೆ ಹೋಗಿ ಏನೂ ಹೇಳ್ಬಾರ್ದು ತಾಯಿ. ಗೊತ್ತಲ್ಲ?” ಎಂದ.

ಅವಳು ತಲೆಯಾಡಿಸಿದಳು. ಹೊಟ್ಟೆನೋವಿನ ನೆವ ಬಿಟ್ಟರೆ ಹುಟ್ಟಿದಾಗಿನಿಂದ ಅವಳು ಮುರಿದ ಕಟ್ಟಳೆ ಒಂದೇ, ಆ ಮುಚ್ಚಿದ ತುಟಿಯದು. ಅದೂ ಕಟ್ಟಳೆಯಾಗಿರಲಿಲ್ಲ ಎಂದು ಈಗಷ್ಟೇ ತಿಳಿದಿತ್ತು.

ಹೊರಗೆ ಮೆಟ್ಟಿಲ ಬುಡದಲ್ಲಿ ಬುಟ್ಟಿ ಹೆಣೆಯುವವಳು ಚೊಂಬು ಹಿಡಿದು ನಿಂತಿದ್ದಳು. ಅವಳಿಗೆ ನಲವತ್ತು ತುಂಬಲು ಇನ್ನೂ ಎರಡು ತಿಂಗಳಿತ್ತು. ಬಿದಿರಿನ ಸಿಬಿರು ಚುಚ್ಚಿ ಚುಚ್ಚಿ ಬೆರಳ ತುದಿಗಳೆಲ್ಲ ಒರಟಾಗಿದ್ದವು. ಹೆಣೆದ ಬುಟ್ಟಿಯನ್ನು ಮೂರು ಸಲ ಬಿಚ್ಚಿ ಮತ್ತೆ ಹೆಣೆಯದೆ ಯಾರಿಗೂ ಕೊಡುವವಳಲ್ಲ ಎಂದು ಊರಿಗೇ ಗೊತ್ತಿತ್ತು. ಗಂಟು ನೋಡುವವಳಿಗೆ ಈವತ್ತೇ ಅದರ ಅರ್ಥವಾದದ್ದು.

ಗೆಳತಿ ನೀರು ಕೊಟ್ಟಳು. ಗಂಟು ನೋಡುವವಳು ಕುಡಿದಳು. ಚೊಂಬು ವಾಪಸು ಕೊಟ್ಟಳು.

“ನಿನ್ನ ಹತ್ರ ಒಂದು ಮಾತು ಹೇಳ್ಬೇಕು” ಎಂದಳು ಗೆಳತಿ, ನೆಲ ನೋಡುತ್ತ. “ನೀನು ನೋಡಿ ಬಂದಾಯ್ತಲ್ಲ, ಈಗ ಹೇಳಬಹುದು ನಾನು. ಆವತ್ತು ನೀನು ಎಣಿಸ್ತಿಲ್ಲ ಅಂತ ಪಕ್ಕದಲ್ಲಿದ್ದೋಳಿಗೆ ನಂಗೆ ಗೊತ್ತಾಯ್ತು. ನಾನು ಆಮೆ ನಂದು ಅಂದಿದ್ದಕ್ಕೆ ಅಂತಾನೂ ಗೊತ್ತಾಯ್ತು. ಅದಕ್ಕೆ ನಿನ್ನ ಪಾಲಿಂದೂ ನಾನೇ ಎಣಿಸಿಬಿಡೋಣ ಅಂತ ಒಂದೊಂದನ್ನೂ ಎರಡೆರಡು ಸಲ ಅಂದೆ. ಹಿಂದೆ ಬಿದ್ದೆ ಕಣೆ. ಎಲ್ಲರೂ ಸೊನ್ನೆ ಅಂದಾಗ ನಾನಿನ್ನೂ ಐದರಲ್ಲೇ ಇದ್ದೆ. ನೌಕೆ ಕೆಟ್ಟಿದ್ದು ಅದಕ್ಕೆ.” ಸೆರಗಿನಿಂದ ಮೂಗು ಒರೆಸಿಕೊಂಡಳು. “ಆಮೇಲೆ ನಾನು ಹೋಗ್ಲೇ ಇಲ್ಲ. ಹೊಟ್ಟೆನೋವು ಅಂದೆ. ನಿಂಗೆ ಮುಖ ತೋರಿಸೋಕೂ ಆಗ್ಲಿಲ್ಲ. ಇನ್ನೆರಡು ತಿಂಗಳಿಗೆ ಹೋಗಿ ಕೂರ್ಬೇಕು. ಅವರನ್ನ ಅಲ್ಲಿ ಹೆಂಗೆ ನೋಡ್ಲಿ ಹೇಳು?”

ಎರಡು ತಿಂಗಳು ಎಂದರೆ ಅರವತ್ತು ದಿನ. ಅರವತ್ತು ದಿನ ಇವಳು ಬುಟ್ಟಿ ಬಿಚ್ಚುತ್ತಾಳೆ, ಮತ್ತೆ ಹೆಣೆಯುತ್ತಾಳೆ. ಬಾಗಿಲಲ್ಲಿ ಅಜ್ಜ ಬಂದು ನಿಂತದ್ದು ಗಂಟು ನೋಡುವವಳ ಕಣ್ಣಿಗೆ ಬಿತ್ತು. ಬೀದಿಯ ತುದಿಯಲ್ಲಿ ಹಿರಿಯಮ್ಮನೂ ಕೋಲೂರಿಕೊಂಡು ಬರುತ್ತಿದ್ದಳು. ಸೇತುವೆ ಕಿತ್ತುಕೊಂಡರೂ ಕಿತ್ತುಕೊಂಡಾರು. ಕಿತ್ತುಕೊಳ್ಳಲಿ, ಹಗ್ಗದವನ ಸೊಸೆಗೂ ಕೈ ಇದೆ ಅನ್ನಿಸಿತು. ಅವಳು ಗೆಳತಿಯ ಒರಟು ಬೆರಳುಗಳನ್ನು ಹಿಡಿದುಕೊಂಡಳು.

“ಹೋದ್ರು ಕಣೆ” ಎಂದಳು, ಎಲ್ಲರಿಗೂ ಕೇಳುವಂತೆ. “ಕೊಳವೆಗೆ ಮರಳು ತುಂಬ್ಕೊಂಡಿತ್ತು, ಅಷ್ಟೇ. ನೀನೂ ಅಲ್ಲ, ನಾನೂ ಅಲ್ಲ. ಸೌಟಲ್ಲಿ ಮರಳು ತೆಗೆದು, ಬುತ್ತಿ ಉಂಡು, ಹೊರಟೇ ಹೋದ್ರು.”

ಬುಟ್ಟಿ ಹೆಣೆಯುವವಳು ತಲೆಯೆತ್ತಿದಳು.

“ಆಮೆನೂ?”

“ಆಮೆನೇ ಮೊದಲು ಹತ್ತಿದ್ದು.”

ಗೆಳತಿ ಚೊಂಬನ್ನು ಕೆಳಗಿಟ್ಟು ಬೀದಿಯ ನಡುವೆಯೇ ಕೂತುಬಿಟ್ಟಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯುವಂತಿರಲಿಲ್ಲ. ಗಂಟು ನೋಡುವವಳು ಅವಳ ಪಕ್ಕದಲ್ಲಿ ಕೂತಳು, ಹಿರಿಯಮ್ಮ ಹತ್ತಿರ ಬಂದರೂ ಏಳಲಿಲ್ಲ.